ಬ್ರೆಡ್ ಪುಡಿಂಗ್ ತಳದಲ್ಲಿ ನೀರು ನಿಲ್ಲುವುದೇಕೆ?

ಪ್ರಶ್ನೆ: ಮನೆಯ ಹಿರಿಯರು ಬರೆದಿಟ್ಟ ಹಳೆಯ ಚೀಟಿ ನೋಡಿಕೊಂಡೇ ಬ್ರೆಡ್ ಪುಡಿಂಗ್ ಮಾಡುತ್ತೇನೆ. ಎಂಟು ಸ್ಲೈಸ್ ಬ್ರೆಡ್, ಒಂದು ಪೈಂಟ್ ಹಾಲು, ಮೂರು ಮೊಟ್ಟೆ, ಅಕ್ರೋಟ್ ಗಾತ್ರದ ಬೆಣ್ಣೆ, ‘ನಿಧಾನದ ಓವನ್’ ಎಂದಷ್ಟೇ ಅದರಲ್ಲಿದೆ. ಒಂದು ಸಲ ತಳದಲ್ಲಿ ನೀರು ನಿಲ್ಲುತ್ತದೆ, ಇನ್ನೊಂದು ಸಲ ಒಣಗಿ ಗಂಟಲಿಗೆ ಸಿಕ್ಕುತ್ತದೆ. ತಪ್ಪು ಎಲ್ಲಿ?

ಉತ್ತರ: ಮುಂದಿನ ಸಲ ಆ ನೀರನ್ನು ಚೆಲ್ಲುವ ಮೊದಲು ಒಂದು ಚಮಚದಲ್ಲಿ ತೆಗೆದು ನೋಡಿ. ಅದು ತಿಳಿಯಾಗಿ, ಸ್ವಲ್ಪ ಹಳದಿಯಾಗಿ, ಮಜ್ಜಿಗೆಯ ಮೇಲಿನ ತಿಳಿಯಂತಿದ್ದು, ಪುಡಿಂಗ್ ಕತ್ತರಿಸಿದ ಜಾಗದಲ್ಲಿ ಸ್ಪಂಜಿನಂಥ ಸಣ್ಣ ತೂತುಗಳಿದ್ದರೆ ಬೆಂದದ್ದು ಹೆಚ್ಚಾಗಿದೆ. ಅತಿ ಬಿಸಿಗೆ ಮೊಟ್ಟೆಯ ಪ್ರೋಟೀನ್ ಬಿಗಿದುಕೊಂಡು ತಾನು ಹಿಡಿದಿಟ್ಟ ನೀರನ್ನು ಹಿಂಡಿ ಹೊರಹಾಕುತ್ತದೆ. ಹಾಗಲ್ಲದೆ ಬೆಳ್ಳಗೆ, ಹಾಲಿನಂತೆ ಮಂದವಾಗಿದ್ದರೆ ಒಂದೋ ಪುಡಿಂಗ್ ಇನ್ನೂ ಬೆಂದಿಲ್ಲ, ಇಲ್ಲವೇ ಬ್ರೆಡ್ ಹಾಲನ್ನು ಹೀರಿಲ್ಲ. ಎರಡೂ ‘ನೀರು ಬಿಟ್ಟಿತು’ ಎಂದೇ ಕಾಣುತ್ತವೆ, ಆದರೆ ಪರಿಹಾರ ಒಂದಕ್ಕೊಂದು ತದ್ವಿರುದ್ಧ. ತಿಳಿನೀರು ಕಂಡು ‘ಇನ್ನೂ ಹತ್ತು ನಿಮಿಷ ಇರಲಿ’ ಎಂದು ಮತ್ತೆ ಓವನ್‌ಗೆ ತಳ್ಳಿದರೆ ಉಳಿದದ್ದೂ ಕೆಡುತ್ತದೆ.

ಇನ್ನು ಚೀಟಿಯ ವಿಷಯ. ಅದರಲ್ಲಿ ತಪ್ಪಿರಬೇಕೆಂದೇನಿಲ್ಲ, ಅಳತೆ ಬದಲಾಗಿರಬಹುದು. ಬ್ರಿಟಿಷ್ ಪೈಂಟ್ ಎಂದರೆ 568 ಮಿ.ಲೀ., ಅಮೆರಿಕದ ಪೈಂಟ್ 473 ಮಿ.ಲೀ. ಚೀಟಿ ಎಲ್ಲಿಂದ ಬಂತು ಎನ್ನುವುದರ ಮೇಲೆ ಅರ್ಧ ಲೋಟದಷ್ಟು ಹಾಲು ಹೆಚ್ಚುಕಡಿಮೆ. ಅದಕ್ಕಿಂತ ದೊಡ್ಡ ಮೋಸಗಾರ ಸ್ಲೈಸ್. ತೆಳ್ಳನೆಯದು 25 ಗ್ರಾಂ ತೂಗಿದರೆ ದಪ್ಪನೆಯದು 40 ಗ್ರಾಂ ತೂಗುತ್ತದೆ. ಎಂಟು ಸ್ಲೈಸ್ ಅಂದರೆ 200 ಗ್ರಾಮೂ ಆಗಬಹುದು, 320 ಗ್ರಾಮೂ ಆಗಬಹುದು. ಮೊದಲನೆಯದಕ್ಕೆ ಬ್ರಿಟಿಷ್ ಪೈಂಟ್ ಹಾಲು ಹೆಚ್ಚಾಯಿತು, ಎರಡನೆಯದಕ್ಕೆ ಅಮೆರಿಕದ ಪೈಂಟ್ ಏನೇನೂ ಸಾಲದು. ನಿಮ್ಮ ಪುಡಿಂಗ್ ಒಂದು ಸಲ ನೀರು, ಇನ್ನೊಂದು ಸಲ ಒಣ ಆಗುತ್ತಿರುವುದಕ್ಕೆ ಇದೇ ಮುಖ್ಯ ಕಾರಣ ಇರಬಹುದು. ಬ್ರೆಡ್ಡನ್ನು ಎಣಿಸಬೇಡಿ, ತೂಗಿ.

ಹಳೆಯ ಚೀಟಿಗಳ ಉಳಿದ ಮಾತುಗಳನ್ನು ಹೀಗೆ ಓದಿಕೊಳ್ಳಿ: ಅಕ್ರೋಟ್ ಗಾತ್ರದ ಬೆಣ್ಣೆ ಸುಮಾರು 30 ಗ್ರಾಂ, ಮೊಟ್ಟೆ ಗಾತ್ರದ್ದು 60 ಗ್ರಾಂ. ನಿಧಾನದ ಓವನ್ ಎಂದರೆ 150 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಮಧ್ಯಮ ಎಂದರೆ 180. ‘ಬ್ರೆಡ್ ನೆನೆಸಿ, ಹಿಂಡಿ, ಹಿಸುಕಿ’ ಎಂದಿದ್ದರೆ ಮಾತ್ರ ಅಲ್ಲೇ ನಿಲ್ಲಿ. ಅದು ಬೇರೆಯದೇ ಪುಡಿಂಗ್: ಒಣಹಣ್ಣು, ಮಸಾಲೆ ಹೆಚ್ಚು, ಹಾಲು ಮೊಟ್ಟೆ ಕಡಿಮೆ, ತಣ್ಣಗಾದ ಮೇಲೆ ಕೇಕಿನಂತೆ ತುಂಡು ಮಾಡಿ ತಿನ್ನುವಂಥದ್ದು. ಅದರ ಲೆಕ್ಕವನ್ನು ಇದಕ್ಕೆ ಬೆರೆಸಿದರೆ ಎರಡೂ ಆಗುವುದಿಲ್ಲ.

ಮೆತ್ತಗಿನ, ಕಸ್ಟರ್ಡ್ ತುಂಬಿಕೊಂಡ ಪುಡಿಂಗಿಗೆ ನಂಬಬಹುದಾದ ಅಳತೆ ಇದು: ಬ್ರೆಡ್ 250 ಗ್ರಾಂ, ಹಾಲು 600 ಮಿ.ಲೀ., ಮೊಟ್ಟೆ 3, ಸಕ್ಕರೆ 90 ಗ್ರಾಂ, ಬೆಣ್ಣೆ 40 ಗ್ರಾಂ, ಒಣದ್ರಾಕ್ಷಿ 60 ಗ್ರಾಂ, ಕಾಲು ಟೀ ಚಮಚ ಉಪ್ಪು, ಒಂದು ಟೀ ಚಮಚ ವೆನಿಲಾ, ಜಾಯಿಕಾಯಿ ನಾಲ್ಕೈದು ಸಲ ತುರಿದಷ್ಟು. 20 ಸೆಂ.ಮೀ. ಚೌಕದ ಪಾತ್ರೆಗೆ ಇದು ಸರಿಹೋಗುತ್ತದೆ. ಬ್ರೆಡ್ಡೇ ಸಿಹಿಯಾಗಿದ್ದರೆ ಸಕ್ಕರೆ 60 ಗ್ರಾಂ ಸಾಕು. ಉಪ್ಪನ್ನು ಮಾತ್ರ ಬಿಡಬೇಡಿ, ಬಿಟ್ಟರೆ ಎಷ್ಟು ಸಕ್ಕರೆ ಹಾಕಿದರೂ ರುಚಿ ಸಪ್ಪೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಬ್ರೆಡ್ ಒಣಗಿಸುವ ಕೆಲಸ. ಹಳೆಯ ಪಾಕಗಳಲ್ಲಿ ‘ನಿನ್ನೆಯ ಬ್ರೆಡ್’ ಎಂದರೆ ಹೆಚ್ಚಾಗಿ ಗಟ್ಟಿ ತಿರುಳಿನ, ಒತ್ತಾದ ಬ್ರೆಡ್. ಈಗಿನ ಪ್ಯಾಕೆಟ್ ಬ್ರೆಡ್ ಎರಡು ದಿನವಾದರೂ ಮೆತ್ತಗೇ ಇರುತ್ತದೆ. ಹಾಲು ಸೋಕಿದ ಕೂಡಲೇ ಮೇಲ್ಪದರ ಅಂಟಿನಂತಾಗಿ ಕೂತುಬಿಡುತ್ತದೆ, ಹಾಲು ಒಳಗಿಳಿಯುವುದಿಲ್ಲ. ಆದ್ದರಿಂದ ಮೂರು ಸೆಂ.ಮೀ. ತುಂಡು ಮಾಡಿ, ಟ್ರೇಯಲ್ಲಿ ಒಂದೇ ಪದರವಾಗಿ ಹರಡಿ, 130 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಇಡಿ. ಬಣ್ಣ ಬರಬಾರದು, ಒಣಗಬೇಕು ಅಷ್ಟೆ. ತಕ್ಕಡಿಯಲ್ಲಿ 250 ಗ್ರಾಂ ಇದ್ದದ್ದು 210ಕ್ಕೆ ಇಳಿದರೆ ಸರಿಯಾಯಿತು. ಅಂಚು ಕತ್ತರಿಸಿ ಎಸೆಯುವ ಅಗತ್ಯವಿಲ್ಲ. ಅಂಚಿನ ತುಂಡುಗಳನ್ನು ಮೇಲಕ್ಕೆ ಜೋಡಿಸಿದರೆ ಅವೇ ಗರಿಗರಿಯಾಗುತ್ತವೆ.

ಹಾಲನ್ನು ಸಕ್ಕರೆ, ಉಪ್ಪು, ಬೆಣ್ಣೆಯ ಜೊತೆ ಬಿಸಿಗಿಡಿ. ಸಕ್ಕರೆ ಕರಗಿ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದಂತೆ ಇಳಿಸಿ, ಬೆರಳು ತಾಳುವಷ್ಟು ಆರಿಸಿ. ಮೊಟ್ಟೆಯನ್ನು ನೊರೆ ಬರದಂತೆ ಫೋರ್ಕ್‌ನಿಂದ ಕಲಕಿ, ಹಾಲನ್ನು ಸಣ್ಣ ಧಾರೆಯಾಗಿ ಅದಕ್ಕೆ ಬಿಡಿ. ಕುದಿಯುವ ಹಾಲನ್ನು ಒಮ್ಮೆಲೇ ಸುರಿದರೆ ಮೊಟ್ಟೆ ಅಲ್ಲೇ ಎಳೆಎಳೆಯಾಗಿ ಬೆಂದುಹೋಗುತ್ತದೆ. ಜರಡಿಯಲ್ಲಿ ಸೋಸಿದ ಮೇಲೆ ವೆನಿಲಾ, ಜಾಯಿಕಾಯಿ ಹಾಕಿ. ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಬಸಿದು ಬ್ರೆಡ್ಡಿನ ಸಂದಿಗಳಿಗೆ ಸೇರಿಸಿ. ಮೇಲೆ ಉದುರಿಸಿದರೆ ಸುಟ್ಟು ಕಹಿಯಾಗುತ್ತದೆ.

ಬೆಣ್ಣೆ ಸವರಿದ ಪಾತ್ರೆಯಲ್ಲಿ ಬ್ರೆಡ್ ಜೋಡಿಸಿ, ಮಿಶ್ರಣ ಸುರಿದು, ಅರ್ಧ ಗಂಟೆ ಬಿಡಿ. ನಡುವೆ ಎರಡು ಸಲ ಚಮಚದ ಹಿಂಬದಿಯಿಂದ ಮೆಲ್ಲಗೆ ಒತ್ತಿ. ಆಮೇಲೆ ಮಧ್ಯದಿಂದ ಒಂದು ತುಂಡು ತೆಗೆದು ಹರಿದು ನೋಡಿ: ಒಳಗೆ ಒಣಗಿದ ಬಿಳಿ ತಿರುಳು ಕಂಡರೆ ಇನ್ನೂ ಕಾಲು ಗಂಟೆ ಕಾಯಬೇಕು. ಈ ಒಂದು ನೋಟ ತಪ್ಪಿಸಿದವರಿಗೇ ತಳದಲ್ಲಿ ಹಾಲು, ಮೇಲೆ ಒಣ ಬ್ರೆಡ್ ಸಿಗುವುದು.

ಬೇಯಿಸುವಾಗ ಪಾತ್ರೆಯನ್ನು ಅಗಲವಾದ ಇನ್ನೊಂದು ಟ್ರೇಯೊಳಗಿಟ್ಟು, ಹೊರಟ್ರೇಗೆ ಪಾತ್ರೆಯ ಅರ್ಧ ಎತ್ತರದವರೆಗೆ ಬಿಸಿನೀರು ತುಂಬಿ. ನೀರು ನೂರು ಡಿಗ್ರಿ ದಾಟುವುದಿಲ್ಲವಾದ್ದರಿಂದ ತಳ, ಅಂಚು ಅತಿಯಾಗಿ ಬೇಯುವುದು ತಪ್ಪುತ್ತದೆ. ತಣ್ಣೀರು ಹಾಕಿದರೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಓವನ್ 160 ಡಿಗ್ರಿ, 45ರಿಂದ 55 ನಿಮಿಷ. ಗಡಿಯಾರಕ್ಕಿಂತ ಪಾತ್ರೆಯನ್ನು ನಂಬಿ: ಮೆಲ್ಲಗೆ ಅಲುಗಿಸಿದಾಗ ಅಂಚು ನಿಂತಿರಬೇಕು, ನಡುಭಾಗ ಗಟ್ಟಿ ಮೊಸರಿನಂತೆ ತುಸು ನಡುಗಬೇಕು, ಅಲೆಯಾಡಬಾರದು. ಅಂಚಿನಿಂದ ಮೂರು ಸೆಂ.ಮೀ. ಒಳಗೆ ಚುಚ್ಚಿದ ಚಾಕು ಶುಚಿಯಾಗಿ ಬಂದರೆ ಸಾಕು, ನಟ್ಟನಡುವೆ ಚುಚ್ಚಿ ಶುಚಿಯಾಗಲಿ ಎಂದು ಕಾದರೆ ಅಂಚು ಮೀರಿರುತ್ತದೆ. ಥರ್ಮಾಮೀಟರ್ ಇದ್ದರೆ ನಡುವೆ 75ರಿಂದ 78 ಡಿಗ್ರಿ ಬಂದಾಗ ತೆಗೆಯಿರಿ. ಆಚೆ ತೆಗೆದ ಮೇಲೂ ಒಳಗಿನ ಬಿಸಿಯಲ್ಲೇ ಇನ್ನಷ್ಟು ಗಟ್ಟಿಯಾಗುತ್ತದೆ, ಹಾಗಾಗಿ 20 ನಿಮಿಷ ಕತ್ತರಿಸಬೇಡಿ.

ಓವನ್ ಇಲ್ಲದಿದ್ದರೆ ಆವಿಯಲ್ಲೂ ಆಗುತ್ತದೆ. ಪಾತ್ರೆಗೆ ಫಾಯಿಲ್ ಬಿಗಿದು, ಸಣ್ಣ ಉರಿಯಲ್ಲಿ 40 ನಿಮಿಷ. ಮುಚ್ಚಳವನ್ನು ಕೂದಲೆಳೆಯಷ್ಟು ಓರೆ ಇಡಿ, ಆವಿ ಜೋರಾದರೆ ಅದೇ ಸ್ಪಂಜಿನ ತೂತುಗಳು ಬರುತ್ತವೆ. ಮೇಲ್ಭಾಗ ಕೆಂಪಗಾಗುವುದಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ಮತ್ತೆ ಬಿಸಿ ಮಾಡುವಾಗ ತುಂಡಿನ ಮೇಲೆ ಎರಡು ಚಮಚ ಹಾಲು ಚಿಮುಕಿಸಿ, ಮುಚ್ಚಿ, 150 ಡಿಗ್ರಿಯಲ್ಲಿ 15 ನಿಮಿಷ ಇಡಿ.