ಥೆರಪಿಗೆ ಮುಂಗಡ ಖರ್ಚಿನ ಅಂದಾಜು: ಅಮೆರಿಕದ ನಿಯಮ ಓದುವ ಬಗೆ

ಚಿಕಿತ್ಸೆಗೆ ಮೊದಲೇ ಖರ್ಚಿನ ಅಂದಾಜು ಕೊಡಬೇಕೆನ್ನುವ ಅಮೆರಿಕದ ಕಾನೂನಿನ ಹೆಸರು ನೋ ಸರ್ಪ್ರೈಸಸ್ ಆಕ್ಟ್. 2020ರ ಡಿಸೆಂಬರ್‌ನಲ್ಲಿ ಪಾಸಾಗಿ 2022ರ ಜನವರಿ 1ರಿಂದ ಜಾರಿಗೆ ಬಂತು. ದೊಡ್ಡ ಆಸ್ಪತ್ರೆಗಷ್ಟೇ ಅಲ್ಲ, ಒಬ್ಬರೇ ಪ್ರಾಕ್ಟೀಸ್ ನಡೆಸುವ ಲೈಸೆನ್ಸ್‌ದಾರ ಥೆರಪಿಸ್ಟ್‌ಗೂ (ಮನೋಚಿಕಿತ್ಸಕರಿಗೂ) ಅನ್ವಯ. ಅವರು ಕೊಡಬೇಕಾದ ಅಂದಾಜು ಪತ್ರಕ್ಕೆ ‘ಗುಡ್ ಫೇತ್ ಎಸ್ಟಿಮೇಟ್’ ಅನ್ನುತ್ತಾರೆ.

ಯಾರಿಗೆ ಸಿಗುತ್ತದೆ? ಇನ್ಶೂರೆನ್ಸ್ ಇಲ್ಲದವರಿಗೆ, ಮತ್ತು ಇದ್ದರೂ ಕ್ಲೇಮ್ ಹಾಕದೆ ಕೈಯಿಂದ ಕಟ್ಟುವವರಿಗೆ. ಎರಡನೆಯ ಗುಂಪನ್ನು ಮರೆಯಬೇಡಿ. ಕನ್ನಡ ಬಲ್ಲ ಥೆರಪಿಸ್ಟ್ ನೆಟ್‌ವರ್ಕ್‌ನಲ್ಲಿ (ಇನ್ಶೂರೆನ್ಸ್ ಕಂಪನಿ ಒಪ್ಪಂದ ಮಾಡಿಕೊಂಡವರ ಪಟ್ಟಿಯಲ್ಲಿ) ಸಿಗಲಿಲ್ಲವೆಂದು, ಕಂಪನಿಯ ಇನ್ಶೂರೆನ್ಸ್ ಪಕ್ಕಕ್ಕಿಟ್ಟು ಸ್ವಂತ ದುಡ್ಡು ಕೊಡುವವರು ಇಲ್ಲೇ ಬರುತ್ತಾರೆ. ಮೆಡಿಕೇರ್, ಮೆಡಿಕೇಡ್ ಎಂಬ ಸರ್ಕಾರಿ ವಿಮೆ ಇರುವವರು ಬರುವುದಿಲ್ಲ.

ಪತ್ರ ಕೊಡುವ ಗಡುವು ಎಣಿಸುವುದು ಕೆಲಸದ ದಿನಗಳಲ್ಲಿ. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಅಪಾಯಿಂಟ್‌ಮೆಂಟ್‌ಗೆ ಕನಿಷ್ಠ 3 ದಿನ ಮೊದಲು ಬುಕ್ ಮಾಡಿದರೆ ಮಾರನೆಯ ಕೆಲಸದ ದಿನದೊಳಗೆ ಪತ್ರ ಬರಬೇಕು. 10 ದಿನ ಅಥವಾ ಇನ್ನೂ ಮೊದಲೇ ಮಾಡಿದ್ದರೆ 3 ದಿನದೊಳಗೆ. ಗುರುವಾರ ಫೋನ್ ಮಾಡಿ ಸೋಮವಾರಕ್ಕೆ ಸಮಯ ತೆಗೆದುಕೊಂಡರೆ? ನಡುವೆ 3 ದಿನ ಆಗುವುದಿಲ್ಲ, ಬುಕ್ ಮಾಡಿದ ಮಾತ್ರಕ್ಕೆ ಪತ್ರ ಕೊಡಬೇಕಿಲ್ಲ. ಆದರೆ ಬುಕ್ ಮಾಡದೆಯೂ ‘ಅಂದಾಜು ಕೊಡಿ’ ಎಂದು ಕೇಳಬಹುದು. ಕೇಳಿದ 3 ದಿನದೊಳಗೆ ಕೊಡಲೇಬೇಕು. ಮೂರು ನಾಲ್ಕು ಥೆರಪಿಸ್ಟ್‌ಗಳ ದರ ಹೋಲಿಸುವವರಿಗೆ ಈ ದಾರಿಯೇ ವಾಸಿ. ಬಾಯಲ್ಲಿ ಹೇಳಿದರೆ ಸಾಲದು, ಕಾಗದದಲ್ಲೋ ಇಮೇಲ್‌ನಲ್ಲೋ ಬರಬೇಕು.

ಪತ್ರ ಕೈಗೆ ಬಂದಾಗ ಎಲ್ಲರ ಕಣ್ಣು ಒಂದು ಸೆಷನ್ನಿನ ದರದ ಮೇಲೆ ಹೋಗುತ್ತದೆ. ನೋಡಬೇಕಾದ್ದು ಎಷ್ಟು ಸೆಷನ್, ಎಷ್ಟು ದಿನಕ್ಕೊಮ್ಮೆ ಅನ್ನುವ ಸಾಲು. ಮತ್ತೆ ಮತ್ತೆ ನಡೆಯುವ ಚಿಕಿತ್ಸೆಗೆ ಒಂದೇ ಪತ್ರ 12 ತಿಂಗಳವರೆಗೆ ಸಾಗುತ್ತದೆ. ಆ ಸಾಲು ಸಡಿಲವಾಗಿದ್ದರೆ ಪತ್ರವೇ ಸಡಿಲ. ಪಕ್ಕದಲ್ಲಿ ಸೇವೆಯ ಕೋಡ್ ಇರುತ್ತದೆ: 90791 ಮೊದಲ ಮೌಲ್ಯಮಾಪನ, 90834 ಸುಮಾರು 45 ನಿಮಿಷದ ಸೆಷನ್, 90837 ಸುಮಾರು 60 ನಿಮಿಷದ್ದು.

ಒಂದು ಲೆಕ್ಕ ಹಾಕೋಣ (ದರಗಳು ಉದಾಹರಣೆಗೆ ಮಾತ್ರ). ಮೌಲ್ಯಮಾಪನ 220 ಡಾಲರ್, 90834ರ 24 ಸೆಷನ್ ತಲಾ 140ರಂತೆ 3,360. ಒಟ್ಟು 3,580. ನಡುವೆ 12 ಸೆಷನ್ 60 ನಿಮಿಷಕ್ಕೆ ಹೋಗಿ, 90837 ಹಾಕಿ ತಲಾ 175ರ ಬಿಲ್ ಆಯಿತು ಅನ್ನಿ. ಬಿಲ್ ಒಟ್ಟು 4,000, ಹೆಚ್ಚುವರಿ 420. ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕೂ ಹೆಚ್ಚು ಬಿಲ್ ಬಂದರೆ ತಕರಾರು ಹಾಕಬಹುದು, ಹಾಗಾಗಿ ಇಲ್ಲಿ ಅವಕಾಶವಿದೆ. 11 ಸೆಷನ್ ಮಾತ್ರ ಬದಲಾಗಿದ್ದರೆ 385, ಅವಕಾಶವಿಲ್ಲ.

ಈಗ ಅದೇ ಪತ್ರದಲ್ಲಿ ‘ವಾರಕ್ಕೊಂದು, ವರ್ಷವಿಡೀ 52’ ಎಂದು ಬರೆದಿದ್ದರೆ? ಸೆಷನ್‌ಗಳದ್ದೇ 7,280 ಆಗುತ್ತದೆ, ಬಿಲ್ ಅದನ್ನು ದಾಟುವುದು ಅಪರೂಪ. ಥೆರಪಿಸ್ಟ್ ಸುರಕ್ಷಿತ, ರೋಗಿಗೆ ಮೊತ್ತ ನೋಡಿಯೇ ಗಾಬರಿ. ಕಾರಣ ಕೆಟ್ಟ ಉದ್ದೇಶವೇ ಆಗಬೇಕಿಲ್ಲ: ಮೊದಲ ಭೇಟಿಗೆ ಮುಂಚೆ ಕಾಯಿಲೆ ಏನೆಂದೇ ಗೊತ್ತಿರುವುದಿಲ್ಲ. ಆದ್ದರಿಂದ ಮೊದಲು ಮೌಲ್ಯಮಾಪನಕ್ಕೊಂದು ಪತ್ರ, ಅದಾದ ಮೇಲೆ ಚಿಕಿತ್ಸೆಗೆ ಹೊಸ ಪತ್ರ ಕೇಳುವುದು ಒಳ್ಳೆಯದು. ದರವೋ ಸೆಷನ್ ಸಂಖ್ಯೆಯೋ ಬದಲಾಗುವುದಾದರೆ, ಕನಿಷ್ಠ 1 ಕೆಲಸದ ದಿನ ಮುಂಚೆ ತಿದ್ದಿದ ಪತ್ರ ಬರಬೇಕು. ಪತ್ರ ಕರಾರಲ್ಲ, ಪಡೆದ ಮಾತ್ರಕ್ಕೆ ಅದೇ ಥೆರಪಿಸ್ಟ್ ಹತ್ತಿರ ಹೋಗಬೇಕೆಂದೇನಿಲ್ಲ.

ತಕರಾರಿನ ಅರ್ಜಿ ಫೆಡರಲ್ ಸರ್ಕಾರಕ್ಕೆ, ಶುಲ್ಕ 25 ಡಾಲರ್. ತೀರ್ಪು ಕೊಡುವುದು ಎರಡೂ ಕಡೆಗೆ ಸೇರದ ಮೂರನೆಯ ಸಂಸ್ಥೆ. ರೋಗಿಯ ಪರ ಬಂದರೆ ಆ 25 ಡಾಲರನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ವಿಚಾರಣೆ ಮುಗಿಯುವ ತನಕ ಬಿಲ್ಲನ್ನು ವಸೂಲಿ ಏಜೆನ್ಸಿಗೆ ದಾಟಿಸುವಂತಿಲ್ಲ. ಗಡುವು ಬಿಲ್ಲಿನ ಮೇಲಿರುವ ತಾರೀಖಿನಿಂದ 120 ದಿನ, ಇಲ್ಲಿ ರಜಾದಿನವೂ ಸೇರುತ್ತದೆ. ಎರಡನೆಯ, ಮೂರನೆಯ ನೆನಪೋಲೆ ಬಂದರೂ ಎಣಿಕೆ ಶುರುವಾಗುವುದು ಮೊದಲ ಬಿಲ್ಲಿನಿಂದಲೇ, ಅದನ್ನು ತೆಗೆದಿಡಿ.