ಅರಸರ ಮುಖ ಯಾರ ಸೊತ್ತು? ಬ್ರಿಟಿಷ್ ರಾಜಭಾವಚಿತ್ರಗಳ ಹಿನ್ನೆಲೆ

1852ರ ಜನವರಿ 17ರಂದು ವಿಕ್ಟೋರಿಯಾ ರಾಣಿ ತನ್ನ ಐವರು ಮಕ್ಕಳೊಡನೆ ವಿಲಿಯಂ ಕಿಲ್ಬರ್ನ್ ಎಂಬ ಛಾಯಾಗ್ರಾಹಕನ ಮುಂದೆ ಕುಳಿತಳು. ಆಗ ಬಳಕೆಯಲ್ಲಿದ್ದ ಡಾಗೆರೊಟೈಪ್ ವಿಧಾನದಲ್ಲಿ ಚಿತ್ರ ಮೂಡುತ್ತಿದ್ದುದು ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ. ಒಂದು ತಗಡಿಗೆ ಒಂದೇ ಚಿತ್ರ, ಪ್ರತಿ ತೆಗೆಯಲು ನೆಗೆಟಿವ್ ಇರುತ್ತಿರಲಿಲ್ಲ. ತಗಡು ಸಿದ್ಧವಾದಾಗ ಮಕ್ಕಳೆಲ್ಲ ಚೆನ್ನಾಗಿಯೇ ಬಂದಿದ್ದರು, ರಾಣಿಯ ಕಣ್ಣು ಮಾತ್ರ ಮುಚ್ಚಿಹೋಗಿತ್ತು. ತನ್ನ ಚಿತ್ರ ಘೋರವಾಗಿದೆ ಎಂದು ದಿನಚರಿಯಲ್ಲಿ ಬರೆದುಕೊಂಡ ಆಕೆ ತಗಡಿನ ಮೇಲಿದ್ದ ತನ್ನ ಮುಖವನ್ನು ಕೆರೆದು ಅಳಿಸಿದಳು. ಎರಡು ದಿನ ಬಿಟ್ಟು ಮತ್ತೆ ಕುಳಿತಾಗ ಅಗಲ ಅಂಚಿನ ಟೋಪಿ ತೊಟ್ಟು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಿದ್ದಳು. ಗೀಚು ಬಿದ್ದ ಆ ತಗಡು ರಾಜಮನೆತನದ ಸಂಗ್ರಹದಲ್ಲಿ ಇಂದಿಗೂ ಇದೆ: ಐದು ಪುಟ್ಟ ಮುಖಗಳು, ಅವುಗಳ ನಡುವೆ ತಾಯಿಯ ಮುಖವಿರಬೇಕಾದಲ್ಲಿ ಒಂದು ಕೆರೆತದ ಕಲೆ.

ಬ್ರಿಟಿಷ್ ಅರಸರ ಭಾವಚಿತ್ರಗಳ ಚರಿತ್ರೆಯನ್ನು ಸಾಮಾನ್ಯವಾಗಿ ಚಿತ್ರಕಾರರ ಚರಿತ್ರೆಯಾಗಿ ಹೇಳುವುದು ವಾಡಿಕೆ. ಆದರೆ ಅರಸನ ಮುಖ ಹೇಗೆ ಕಾಣಬೇಕೆಂದು ತೀರ್ಮಾನಿಸುವವರು ಯಾರು ಎಂಬ ಜಗ್ಗಾಟವಾಗಿ ಅದನ್ನು ಓದಿದರೆ ಹೆಚ್ಚು ಸಂಗತಿಗಳು ಅರ್ಥವಾಗುತ್ತವೆ ಎಂಬುದು ಈ ಲೇಖಕನ ಅನಿಸಿಕೆ. ಆ ಜಗ್ಗಾಟ ವಿಕ್ಟೋರಿಯಾಳಿಗಿಂತ ನಾಲ್ಕೂವರೆ ಶತಮಾನ ಹಳೆಯದು.

ಇಂಗ್ಲೆಂಡಿನ ಅರಸನೊಬ್ಬನನ್ನು ಅವನ ಜೀವಿತಕಾಲದಲ್ಲೇ ಬರೆದ, ಇಂದಿಗೆ ಉಳಿದಿರುವ ಭಾವಚಿತ್ರಗಳಲ್ಲಿ ಅತಿ ಹಳೆಯದು 1390ರ ದಶಕದ್ದು, ಎರಡನೆಯ ರಿಚರ್ಡ್‌ನದು. ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿರುವ, ಸುಮಾರು ಏಳು ಅಡಿ ಎತ್ತರದ ಈ ಹಲಗೆಯ ಚಿತ್ರದಲ್ಲಿ ರಾಜ ಸಿಂಹಾಸನದ ಮೇಲೆ ನೆಟ್ಟಗೆ ಕುಳಿತು, ದೇವರ ಮೂರ್ತಿಯಂತೆ ನೇರ ನಮ್ಮನ್ನೇ ದಿಟ್ಟಿಸುತ್ತಾನೆ. ಹತ್ತನೆಯ ವಯಸ್ಸಿಗೇ ಪಟ್ಟಕ್ಕೆ ಬಂದ ರಿಚರ್ಡ್‌ಗೆ ಅರಸುತನವೆಂದರೆ ದೈವದತ್ತ ಅಧಿಕಾರ ಎಂಬ ನಂಬಿಕೆ ಬಲವಾಗಿತ್ತು. ಚಿತ್ರ ಹೇಳುವುದೂ ಅದನ್ನೇ. 1399ರಲ್ಲಿ ದಾಯಾದಿ ಹೆನ್ರಿ ಅವನನ್ನು ಪಟ್ಟದಿಂದ ಇಳಿಸುವಾಗ ಆ ದೃಷ್ಟಿ ಯಾವ ಕೆಲಸಕ್ಕೂ ಬರಲಿಲ್ಲ.

ಮೂರನೆಯ ರಿಚರ್ಡ್‌ನ ಪಾಡು ಬೇರೆ ಬಗೆಯದು. 1485ರಲ್ಲಿ ಬಾಸ್ವರ್ತ್ ಯುದ್ಧದಲ್ಲಿ ಸತ್ತ ಈ ರಾಜನ ಇಂದು ಉಳಿದಿರುವ ವರ್ಣಚಿತ್ರಗಳೆಲ್ಲ ಅವನ ಮರಣಾನಂತರದವು, ಎಂದರೆ ಅವನನ್ನು ಸೋಲಿಸಿದ ಟ್ಯೂಡರ್ ವಂಶದ ಆಳ್ವಿಕೆಯವು. ರಾಜಸಂಗ್ರಹದಲ್ಲಿರುವ ಚಿತ್ರವನ್ನು ಎಕ್ಸ್‌ರೇ ಹಿಡಿದು ನೋಡಿದಾಗ, ಮೊದಲು ಬರೆದ ಭುಜದ ರೇಖೆಯ ಮೇಲೆ ಯಾರೋ ಆಮೇಲೆ ಬಣ್ಣ ಹಚ್ಚಿ ಬಲಭುಜವನ್ನು ಏರಿಸಿರುವುದು ಕಂಡಿತು. ಗೂನುಬೆನ್ನಿನ ದುಷ್ಟ ಎಂಬ ಕಥೆಗೆ ಚಿತ್ರವನ್ನು ಹೊಂದಿಸಿದ್ದರು. ವಿಚಿತ್ರವೆಂದರೆ, 2012ರಲ್ಲಿ ಲೆಸ್ಟರ್ ನಗರದ ಕಾರು ನಿಲುಗಡೆ ಜಾಗದ ಅಡಿಯಲ್ಲಿ ಅವನ ಅಸ್ಥಿಪಂಜರ ಸಿಕ್ಕಿದಾಗ ಬೆನ್ನುಮೂಳೆ ನಿಜಕ್ಕೂ ಪಕ್ಕಕ್ಕೆ ಬಾಗಿತ್ತು, ಬಲಭುಜ ತುಸು ಎತ್ತರದಲ್ಲಿದ್ದಿರಬೇಕು. ಆದರೆ ಅದು ಗೂನಲ್ಲ. ಸುಳ್ಳು ಹೇಳಲು ಹೊರಟವರು ಅರ್ಧ ಸತ್ಯವನ್ನೇ ಬರೆದಿಟ್ಟಿದ್ದರು.

ಮುಖವೂ ಆಳ್ವಿಕೆಯ ಒಂದು ಆಯುಧವೆಂದು ಪೂರ್ತಿಯಾಗಿ ಅರಿತವನು ಎಂಟನೆಯ ಹೆನ್ರಿ. 1537ರಲ್ಲಿ ಅವನಿಗೆ ನಲವತ್ತಾರು ವರ್ಷ. ಹಿಂದಿನ ವರ್ಷವಷ್ಟೇ ಕುದುರೆ ಕಾಳಗದಲ್ಲಿ ಬಿದ್ದು ಪೆಟ್ಟು ತಿಂದಿದ್ದ, ಕಾಲಿನ ಹುಣ್ಣು ಮಾಯುತ್ತಿರಲಿಲ್ಲ, ಮೈ ಬೆಳೆಯುತ್ತಿತ್ತು, ಗಂಡು ಸಂತಾನಕ್ಕಾಗಿ ಎರಡು ಮದುವೆ ಮುರಿದು ಮೂರನೆಯದಾಗಿತ್ತು. ಆ ವರ್ಷ ಜರ್ಮನ್ ಕಲಾವಿದ ಹಾನ್ಸ್ ಹೋಲ್ಬೈನ್ ವೈಟ್‌ಹಾಲ್ ಅರಮನೆಯ ಗೋಡೆಯ ಮೇಲೆ ಹೆನ್ರಿ, ಅವನ ತಂದೆತಾಯಿ ಮತ್ತು ಮೂರನೆಯ ಹೆಂಡತಿ ಜೇನ್ ಸೀಮೋರ್ ಇರುವ ದೊಡ್ಡ ಚಿತ್ರವನ್ನು ಬರೆದ. ಅದರ ನಡುವೆ ತಂದೆ ಮಗ ಇಬ್ಬರಲ್ಲಿ ಹೆಚ್ಚಿನವರು ಯಾರು ಎಂದು ಕೇಳುವ ಲ್ಯಾಟಿನ್ ಸಾಲುಗಳಿದ್ದವು. ಉತ್ತರ ಯಾವುದೆಂದು ಊಹಿಸಲು ಕಷ್ಟವಿರಲಿಲ್ಲ.

ಆ ಗೋಡೆ 1698ರ ಬೆಂಕಿಯಲ್ಲಿ ಅರಮನೆಯ ಜೊತೆಗೇ ಸುಟ್ಟುಹೋಯಿತು. ಉಳಿದಿರುವುದು ಚಿತ್ರದ ಎಡಭಾಗಕ್ಕಾಗಿ ಹೋಲ್ಬೈನ್ ಕಾಗದದ ಮೇಲೆ ತಯಾರಿಸಿದ ಆಳೆತ್ತರದ ನಕ್ಷೆ, ಈಗ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಅದರ ರೇಖೆಗಳುದ್ದಕ್ಕೂ ಸೂಜಿಯಿಂದ ಚುಚ್ಚಿದ ಸಾಲು ರಂಧ್ರಗಳಿವೆ. ನಮ್ಮ ಜರಿ ಕೆಲಸದವರು ತೂತು ಹಾಕಿದ ಕಾಗದದ ಮೇಲೆ ಪುಡಿ ತಿಕ್ಕಿ ಬಟ್ಟೆಗೆ ನಕ್ಷೆ ಇಳಿಸುವ ಕ್ರಮವೇ ಅದು. ಇನ್ನೊಂದು ಸಂಗತಿ ಅದಕ್ಕಿಂತ ಕುತೂಹಲದ್ದು: ನಕ್ಷೆಯಲ್ಲಿ ಹೆನ್ರಿಯ ಮುಖ ತುಸು ಓರೆಯಾಗಿದೆ, ಆದರೆ 1667ರಲ್ಲಿ ಮಾಡಿದ ಪ್ರತಿಯನ್ನು ನೋಡಿದರೆ ಗೋಡೆಯ ಮೇಲೆ ಅದು ನೋಡುಗನ ಎದುರಿಗೇ ತಿರುಗಿತ್ತೆಂದು ತಿಳಿಯುತ್ತದೆ. ನಕ್ಷೆಗೂ ಗೋಡೆಗೂ ನಡುವೆ ಯಾರೋ ಆ ಮುಖವನ್ನು ತಿರುಗಿಸಲು ಹೇಳಿದ್ದಾರೆ. ಅಗಲಿಸಿ ನಿಂತ ಕಾಲು, ಸೊಂಟದ ಬಳಿ ಮುಷ್ಟಿ, ಉಬ್ಬಿಸಿದ ಭುಜ, ಇವೆಲ್ಲ ಹಾಗೇ ಉಳಿದವು. ಈ ಚಿತ್ರದ ಎದುರು ನಿಂತವರು ಕುಗ್ಗಿಹೋಗುತ್ತಿದ್ದರೆಂದು 1604ರಲ್ಲಿ ಡಚ್ ಬರಹಗಾರ ಕಾರೆಲ್ ವಾನ್ ಮ್ಯಾಂಡರ್ ದಾಖಲಿಸಿದ್ದಾನೆ. ಕುಂಟುತ್ತಿದ್ದ ಆ ಮನುಷ್ಯನನ್ನು ಇಂದು ಜಗತ್ತು ನೆನೆಯುವುದು ಆ ಗಟ್ಟಿ ನಿಲುವಿನಲ್ಲೇ.

ಅದೇ ಹೆನ್ರಿಗೆ ಭಾವಚಿತ್ರದಿಂದ ಪೆಟ್ಟೂ ಬಿತ್ತು. 1539ರಲ್ಲಿ ಹೋಲ್ಬೈನ್ ಜರ್ಮನಿಗೆ ಹೋಗಿ ಕ್ಲೀವ್ಸ್‌ನ ಆ್ಯನ್ನಳ ಚಿತ್ರ ಬರೆದು ತಂದ. ಮರು ಜನವರಿಯಲ್ಲಿ ಮದುವೆಯಾಯಿತು, ಜುಲೈಗೆ ರದ್ದಾಯಿತು. ಸಂಬಂಧ ಕುದುರಿಸಿದ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ತಲೆ ಉರುಳಿತು. ಅದಕ್ಕೆ ಆಸ್ಥಾನದ ಬೇರೆ ಕಾರಣಗಳೂ ಇದ್ದವು, ಆದರೆ ಚಿತ್ರಕಾರನ ತಲೆ ಮಾತ್ರ ಉಳಿಯಿತು.

ಹೆನ್ರಿಯ ಮಗಳು ಮೊದಲನೆಯ ಎಲಿಜಬೆತ್ ತಂದೆಗಿಂತ ಒಂದು ಹೆಜ್ಜೆ ಮುಂದೆ ಹೋದಳು. 1563ರಲ್ಲಿ ಆಕೆಯ ಸರ್ಕಾರ ಒಂದು ಘೋಷಣೆಯ ಕರಡು ಸಿದ್ಧಪಡಿಸಿತು: ನುರಿತ ಕಲಾವಿದನೊಬ್ಬ ರಾಣಿಯ ಸರಿಯಾದ ಮಾದರಿ ಚಿತ್ರವೊಂದನ್ನು ಬರೆದು ಮುಗಿಸುವವರೆಗೆ ಬೇರೆ ಯಾರೂ ಆಕೆಯ ಚಿತ್ರ ಬರೆಯಕೂಡದು, ಆಮೇಲೆ ಅದನ್ನೇ ನೋಡಿ ಬರೆಯಬೇಕು. ಕ್ರಮೇಣ ಆದದ್ದೂ ಬಹುಮಟ್ಟಿಗೆ ಹಾಗೆಯೇ. 1575ರ ಸುಮಾರಿನ, ಡಾರ್ನ್ಲಿ ಭಾವಚಿತ್ರವೆಂದು ಕರೆಯುವ ರಾಣಿಯ ಚಿತ್ರದ ಮುಖವೇ ಪಡಿಯಚ್ಚಾಗಿ ಚಿತ್ರಶಾಲೆಯಿಂದ ಚಿತ್ರಶಾಲೆಗೆ ಹೋಯಿತು. ಉಡುಪು ಬದಲಾಯಿತು, ಒಡವೆ ಬದಲಾಯಿತು, ಮುಖ ಬದಲಾಗಲಿಲ್ಲ. ಆಕೆ ಪಿಂಗಾಣಿಯಂತೆ ಬಿಳುಚಿದ್ದಳೆಂದು ನಾವು ನಂಬಿರುವುದಕ್ಕೆ ಆ ಚಿತ್ರದ ಬಣ್ಣವೂ ಒಂದು ಕಾರಣ: ಕೆನ್ನೆಗೆ ಹಚ್ಚಿದ್ದ ಕೆಂಪು ಕಾಲಕ್ರಮದಲ್ಲಿ ಮಾಸಿಹೋಗಿದೆಯೆಂದು ಪರೀಕ್ಷೆಗಳು ತೋರಿಸಿವೆ.

ಕಿರುಚಿತ್ರಗಳ ಕಲಾವಿದ ನಿಕೊಲಸ್ ಹಿಲಿಯರ್ಡ್ ಬರೆದಿಟ್ಟಿರುವ ಪ್ರಕಾರ, ರಾಣಿ ಅವನ ಮುಂದೆ ಕುಳಿತದ್ದು ಕೋಣೆಯೊಳಗಲ್ಲ, ಮರದ ನೆರಳೂ ಬೀಳದ ತೋಟದ ಬಯಲು ದಾರಿಯಲ್ಲಿ. ಮುಖದ ಮೇಲೆ ನೆರಳು ಬಿದ್ದರೆ ಸುಕ್ಕು, ತಗ್ಗು, ವಯಸ್ಸು ಎಲ್ಲ ಕಾಣುತ್ತವೆ. ನೆರಳಿಲ್ಲದ ಮುಖಕ್ಕೆ ವಯಸ್ಸಿಲ್ಲ. ಆಕೆ ಅರವತ್ತು ದಾಟಿದ ಮೇಲೆ, 1596ರಲ್ಲಿ, ತಕ್ಕುದಲ್ಲದ ಚಿತ್ರಗಳನ್ನು ಹುಡುಕಿ ನಾಶಮಾಡುವಂತೆ ಆಕೆಯ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್ ಆಜ್ಞೆ ಹೊರಡಿಸಿತು. 1600ರ ಸುಮಾರಿನ, ಹ್ಯಾಟ್‌ಫೀಲ್ಡ್ ಹೌಸ್‌ನಲ್ಲಿರುವ ಕಾಮನಬಿಲ್ಲಿನ ಚಿತ್ರದಲ್ಲಿ ಅರವತ್ತೇಳರ ಮುದುಕಿ ಹದಿಹರೆಯದ ಹುಡುಗಿಯಂತಿದ್ದಾಳೆ. ಆಕೆಯ ನಿಲುವಂಗಿಯ ಮೇಲೆ ನೂಲಿನಲ್ಲಿ ಹೆಣೆದಂತೆ ಕಣ್ಣುಗಳು, ಕಿವಿಗಳು. ರಾಜ್ಯದಲ್ಲಿ ನಡೆಯುವುದೆಲ್ಲ ತನಗೆ ಕಾಣುತ್ತದೆ, ಕೇಳುತ್ತದೆ ಎಂಬುದು ಅದರ ಇಂಗಿತ. ಎಲ್ಲರನ್ನೂ ನೋಡುವ ರಾಣಿಯನ್ನು ಮಾತ್ರ ಯಾರೂ ಇದ್ದಂತೆ ನೋಡುವಂತಿರಲಿಲ್ಲ.

ಐದಡಿಯ ಮೇಲೆ ನಾಲ್ಕಂಗುಲದಷ್ಟೇ ಎತ್ತರವಿದ್ದ ಮೊದಲನೆಯ ಚಾರ್ಲ್ಸ್‌ನನ್ನು ಆಂಟನಿ ವಾನ್ ಡೈಕ್ ಕುದುರೆಯ ಮೇಲೆ ಕೂರಿಸಿ ಎತ್ತರ ಮಾಡಿದ. 1635ರ ಸುಮಾರಿಗೆ ಅವನು ಬರೆದ ಚಿತ್ರವೊಂದರಲ್ಲಿ ಒಂದೇ ಬಟ್ಟೆಯ ಮೇಲೆ ಮೂರು ಚಾರ್ಲ್ಸ್‌ಗಳಿದ್ದಾರೆ: ಎದುರಿನಿಂದ, ಪಕ್ಕದಿಂದ, ಓರೆಯಿಂದ. ರೋಮ್‌ನಲ್ಲಿದ್ದ ಶಿಲ್ಪಿ ಬರ್ನಿನಿ ರಾಜನನ್ನು ಕಾಣದೆಯೇ ಅವನ ಅಮೃತಶಿಲೆಯ ಮೂರ್ತಿ ಕೆತ್ತಬೇಕಿತ್ತಾದ್ದರಿಂದ ಈ ಏರ್ಪಾಡು. ಮೂರ್ತಿ ಬಂತು, ಮೆಚ್ಚುಗೆಯಾಯಿತು, ಹೋಲ್ಬೈನನ ಗೋಡೆಯನ್ನು ನುಂಗಿದ ಅದೇ ಬೆಂಕಿಗೆ ಹೋಯಿತು, ಚಿತ್ರ ಉಳಿಯಿತು. ಚಾರ್ಲ್ಸ್‌ನ ತಲೆ 1649ರ ಜನವರಿ 30ರಂದು ಉರುಳಿತು, ಅವನ ಚಿತ್ರಸಂಗ್ರಹವನ್ನು ಹೊಸ ಗಣರಾಜ್ಯ ಮಾರಾಟಕ್ಕಿಟ್ಟಿತು. ಅವನನ್ನು ಇಳಿಸಿದ ಆಲಿವರ್ ಕ್ರಾಮ್‌ವೆಲ್ ತನ್ನ ಚಿತ್ರವನ್ನು ನರುಲಿಗಳ ಸಹಿತ ಇದ್ದಂತೆಯೇ ಬರೆಯಲು ಹೇಳಿದನೆಂಬ ಮಾತು ಜನಜನಿತ. ಆದರೆ ಅದು ಅಚ್ಚಾದದ್ದು ಅವನು ಸತ್ತು ನೂರು ವರ್ಷವಾದ ಮೇಲೆ.

ಹದಿನೆಂಟನೆಯ ಶತಮಾನದಲ್ಲಿ ಎರಡು ಹೊಸ ಬೆಳವಣಿಗೆಗಳಾದವು. ಒಂದೆಡೆ ಆ್ಯಲನ್ ರಾಮ್ಸೆ ಬರೆದ ಮೂರನೆಯ ಜಾರ್ಜ್‌ನ ಪಟ್ಟಾಭಿಷೇಕದ ಚಿತ್ರದ ನೂರಕ್ಕೂ ಹೆಚ್ಚು ಪ್ರತಿಗಳು ತಯಾರಾಗಿ ರಾಯಭಾರಿಗಳಿಗೆ, ವಸಾಹತುಗಳ ಗವರ್ನರುಗಳಿಗೆ ಹೋದವು. ಇನ್ನೊಂದೆಡೆ ಲಂಡನ್ನಿನ ಮುದ್ರಣದಂಗಡಿಗಳ ಕಿಟಕಿಯಲ್ಲಿ ಜೇಮ್ಸ್ ಗಿಲ್ರೆಯ ವ್ಯಂಗ್ಯಚಿತ್ರಗಳು ತೂಗತೊಡಗಿದವು. 1792ರ ಒಂದರಲ್ಲಿ ಯುವರಾಜ ಊಟ ಮುಗಿಸಿ, ಹೊಟ್ಟೆ ಬಿರಿಯುವಂತೆ ಕುಳಿತು ಫೋರ್ಕಿನಿಂದ ಹಲ್ಲು ಕೆದಕಿಕೊಳ್ಳುತ್ತಿದ್ದಾನೆ. ಆ ಯುವರಾಜ 1820ರಲ್ಲಿ ನಾಲ್ಕನೆಯ ಜಾರ್ಜ್ ಆದಾಗ ಆಜ್ಞೆ ಹೊರಡಿಸುವ ಕಾಲ ಮುಗಿದಿತ್ತು. ಹಣ ಕೊಡಬೇಕಾಯಿತು: ರಾಜನನ್ನು ಅನೈತಿಕ ಸನ್ನಿವೇಶದಲ್ಲಿ ಚಿತ್ರಿಸುವುದಿಲ್ಲವೆಂಬ ಮುಚ್ಚಳಿಕೆಗೆ ಜಾರ್ಜ್ ಕ್ರೂಕ್‌ಶ್ಯಾಂಕ್ ಎಂಬ ವ್ಯಂಗ್ಯಚಿತ್ರಕಾರ 100 ಪೌಂಡ್ ಪಡೆದ.

ವಿಕ್ಟೋರಿಯಾಳ ಕಾಲಕ್ಕೆ ಮುಖ ಅರಮನೆಯ ಗೋಡೆ ಬಿಟ್ಟು ಜೇಬಿಗೆ ಬಂತು. 1840ರ ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್‌ನ ಮೇಲಿರುವ ಪಾರ್ಶ್ವಮುಖ ವಿಲಿಯಂ ವಯೊನ್ 1837ರಲ್ಲಿ ತಯಾರಿಸಿದ ಪದಕದಿಂದ ಬಂದದ್ದು, ಆ ಪದಕದ ಮುಖಕ್ಕೆ ಆಧಾರ ಆಕೆಗೆ ಹದಿನೈದಾಗಿದ್ದಾಗ ಮಾಡಿಕೊಂಡ ಮಾದರಿ. ಮನುಷ್ಯಮುಖದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಣ್ಣಿಗೆ ಕಾಣುತ್ತದೆ, ಖೋಟಾ ಚೀಟಿ ಸಿಕ್ಕಿಬೀಳುತ್ತದೆ ಎಂಬ ಲೆಕ್ಕಾಚಾರವೂ ಅದರ ಹಿಂದಿತ್ತು. 1901ರಲ್ಲಿ ಎಂಬತ್ತೊಂದರ ಅಜ್ಜಿಯಾಗಿ ರಾಣಿ ತೀರಿಕೊಳ್ಳುವವರೆಗೂ ಬ್ರಿಟನ್ನಿನ ಅಂಚೆಚೀಟಿಯ ಮೇಲೆ ಆಕೆ ಹುಡುಗಿಯಾಗಿಯೇ ಇದ್ದಳು. ಎಲಿಜಬೆತ್ ಆಜ್ಞೆ ಹೊರಡಿಸಿ ಸಾಧಿಸಿದ್ದನ್ನು ಇಲ್ಲಿ ಅಚ್ಚಿನ ಮೊಳೆ ತಾನಾಗಿಯೇ ಮಾಡಿಕೊಟ್ಟಿತು.

ಭಾರತದ ರೂಪಾಯಿಯ ಮೇಲೂ ಹಾಗೆಯೇ. 1862ರಿಂದ ಕೊನೆಯವರೆಗೆ ಕಿರೀಟ ತೊಟ್ಟ ತರುಣಿಯ ಮುಖ. 1877ರಿಂದ ‘ಕ್ವೀನ್’ ಹೋಗಿ ‘ಎಂಪ್ರೆಸ್’ ಬಂದದ್ದಷ್ಟೇ ಬದಲಾವಣೆ. ಹಳೆಯ ಮನೆಗಳಲ್ಲಿ ಲಕ್ಷ್ಮೀಪೂಜೆಗೆ ಹೊರತೆಗೆಯುವ ಬೆಳ್ಳಿ ರೂಪಾಯಿಗಳಲ್ಲಿ ಈ ಮುಖ ಇಂದಿಗೂ ಅರಿಸಿನ ಕುಂಕುಮ ಹಚ್ಚಿಸಿಕೊಳ್ಳುತ್ತದೆ. ಬ್ರಿಟನ್ನಿನ ನಾಣ್ಯಗಳಿಗೆ 1893ರಲ್ಲಿ ಮುಸುಕು ತೊಟ್ಟ ವೃದ್ಧ ರಾಣಿಯ ಮುಖ ರೂಪಿಸಿದ ಥಾಮಸ್ ಬ್ರಾಕ್‌ನೇ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ಆಕೆಯ ಅಮೃತಶಿಲೆಯ ಪ್ರತಿಮೆಯನ್ನೂ ಕೆತ್ತಿದವನು. 1906ರ ಫೆಬ್ರವರಿಯಲ್ಲಿ ಅದನ್ನು ಅನಾವರಣ ಮಾಡಿದ್ದು ಆಕೆಯ ಮೊಮ್ಮಗ, ಮುಂದೆ ಐದನೆಯ ಜಾರ್ಜ್ ಆದವನು.

ಆ ಮೊಮ್ಮಗನ ಮುಖವೇ ಭಾರತದಲ್ಲಿ ಎಡವಟ್ಟಾಯಿತು. 1911ರ ರೂಪಾಯಿಯಲ್ಲಿ ರಾಜ ತೊಟ್ಟ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆಯಿದೆ. ಸೊಂಡಿಲು ಮೋಟಾಗಿ, ಕಾಲು ಗಿಡ್ಡವಾಗಿ ಬಂದದ್ದರಿಂದ ಜನ ಅದನ್ನು ಹಂದಿಯೆಂದರು. ಮುಸ್ಲಿಮರ ಆಕ್ಷೇಪ ಬಲವಾಗಿತ್ತು. ನಾಣ್ಯವನ್ನು ಹಿಂದಕ್ಕೆ ಪಡೆದು, 1912ರಲ್ಲಿ ಸೊಂಡಿಲನ್ನು ಉದ್ದ ಮಾಡಿ ಮತ್ತೆ ಟಂಕಿಸಿದರು. ಇಂದಿಗೂ ನಾಣ್ಯ ಸಂಗ್ರಾಹಕರಿಗೆ ಅದು ಹಂದಿ ರೂಪಾಯಿಯೇ. ಸಾಮ್ರಾಟನ ಮುಖವನ್ನು ಪ್ರಜೆಗಳು ತಿದ್ದಿಸಿದ ಅಪರೂಪದ ಪ್ರಸಂಗ ಇದು, ತಿದ್ದಿದ್ದು ಮುಖವನ್ನಲ್ಲ ಆನೆಯನ್ನು ಎಂದು ಬೇಕಾದರೆ ವಾದಿಸಬಹುದು.

ನಾಣ್ಯದ ಮೇಲೆ ಪ್ರತಿಯೊಬ್ಬ ಅರಸ ಹಿಂದಿನವನ ವಿರುದ್ಧ ದಿಕ್ಕಿಗೆ ಮುಖ ಮಾಡುವುದು ಎರಡನೆಯ ಚಾರ್ಲ್ಸ್‌ನ ಕಾಲದಿಂದ ಬಂದ ರೂಢಿ. 1936ರಲ್ಲಿ ಎಂಟನೆಯ ಎಡ್ವರ್ಡ್ ಅದನ್ನು ಮುರಿಯಲು ಹಟ ಹಿಡಿದ: ಅವನು ಬಲಕ್ಕೆ ನೋಡಬೇಕಿತ್ತು, ಆದರೆ ಬೈತಲೆಯಿರುವ ಎಡಮಗ್ಗುಲೇ ಚೆಂದವೆಂಬುದು ಅವನ ನಂಬಿಕೆ. ನಾಣ್ಯ ಚಲಾವಣೆಗೆ ಬರುವ ಮೊದಲೇ ಪಟ್ಟ ಬಿಟ್ಟುಹೋದ. ಅವನ ತಮ್ಮ ಆರನೆಯ ಜಾರ್ಜ್‌ನ ಮುಖವನ್ನು ಎಡಕ್ಕೇ ಟಂಕಿಸಿದರು, ಅಣ್ಣ ಬಲಕ್ಕೆ ನೋಡಿದ್ದನೆಂದೇ ಭಾವಿಸಿಕೊಂಡು.

ಎರಡನೆಯ ಎಲಿಜಬೆತ್ ಅವರ ಎಪ್ಪತ್ತು ವರ್ಷಗಳ ಆಳ್ವಿಕೆಯಲ್ಲಿ ಆದ ಭಾವಚಿತ್ರಗಳಲ್ಲಿ ಹೆಚ್ಚಿನವು ವಿಧೇಯವಾದವು. ನಿಲ್ಲಿಸಿ ನೋಡುವಂತಹುದು ಲೂಸಿಯನ್ ಫ್ರಾಯ್ಡ್ 2001ರಲ್ಲಿ ಮುಗಿಸಿದ್ದು. 23.5 ಸೆಂಟಿಮೀಟರ್ ಉದ್ದ, 15.2 ಸೆಂಟಿಮೀಟರ್ ಅಗಲ, ಎಂದರೆ ಶಾಲೆಯ ನೋಟುಬುಕ್ಕಿಗಿಂತ ದೊಡ್ಡದಲ್ಲ. ಕಿರೀಟ ಹಿಡಿಸಲು ಮೇಲ್ಗಡೆ ಒಂದು ಪಟ್ಟಿ ಸೇರಿಸಬೇಕಾಯಿತು. ದಪ್ಪ ಬಣ್ಣದಲ್ಲಿ ಜೋತ ಗಲ್ಲ, ಬಿಗಿದ ತುಟಿ, ಗದ್ದದ ಮೇಲೆ ನೆರಳು. ಪತ್ರಿಕೆಗಳಲ್ಲಿ ಕೆಲವು ಕೆಂಡಕಾರಿದವು. ಹಿಲಿಯರ್ಡ್‌ನ ತೋಟದಿಂದ ಹೊರಗಟ್ಟಿದ್ದ ನೆರಳು ನಾಲ್ಕು ಶತಮಾನಗಳ ನಂತರ ಅದೇ ಹೆಸರಿನ ಇನ್ನೊಬ್ಬ ರಾಣಿಯ ಮುಖಕ್ಕೆ ಮರಳಿತ್ತು, ರಾಣಿ ಅದನ್ನು ಉಡುಗೊರೆಯಾಗಿ ಸ್ವೀಕರಿಸಿದರು.

ಮೂರನೆಯ ಚಾರ್ಲ್ಸ್ ಪಟ್ಟಕ್ಕೆ ಬಂದಾಗ ಶಾಲೆ, ನ್ಯಾಯಾಲಯ, ಪೊಲೀಸ್ ಠಾಣೆಯಂತಹ ಸಾರ್ವಜನಿಕ ಸಂಸ್ಥೆಗಳಿಗೆ ಅವರ ಛಾಯಾಚಿತ್ರ ಹಂಚಲು ಬ್ರಿಟಿಷ್ ಸರ್ಕಾರ 80 ಲಕ್ಷ ಪೌಂಡ್‌ವರೆಗೆ ತೆಗೆದಿರಿಸಿತು. ರಾಮ್ಸೆಯ ಪ್ರತಿಗಳ ಕಾಲದ ಪದ್ಧತಿಯೇ. ಜೊನಾಥನ್ ಯೋ ಬರೆದ ದೊಡ್ಡ ತೈಲಚಿತ್ರ 2024ರ ಮೇ 14ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅನಾವರಣಗೊಂಡಾಗ ಸಮವಸ್ತ್ರವೂ ಹಿನ್ನೆಲೆಯೂ ಒಂದೇ ಕಡುಗೆಂಪಿನಲ್ಲಿ ಮುಳುಗಿದ್ದವು, ಮುಖ ಮತ್ತು ಕೈಗಳು ಮಾತ್ರ ಅದರಿಂದ ತೇಲಿಬಂದಂತಿದ್ದವು, ಭುಜದ ಬಳಿ ಒಂದು ಚಿಟ್ಟೆ. ಮರು ತಿಂಗಳು ಅದು ಲಂಡನ್ನಿನ ಗ್ಯಾಲರಿಯೊಂದರಲ್ಲಿ ಪ್ರದರ್ಶನಕ್ಕಿದ್ದಾಗ ಪ್ರಾಣಿ ಹಕ್ಕುಗಳ ಹೋರಾಟಗಾರರಿಬ್ಬರು ಬಂದು ರಾಜನ ಮುಖದ ಮೇಲೆ ಅನಿಮೇಷನ್ ಪಾತ್ರವೊಂದರ ನಗುವ ಮುಖವನ್ನು ಅಂಟಿಸಿದರು. ಚಿತ್ರಕ್ಕೆ ರಕ್ಷಣೆಯ ಹೊದಿಕೆಯಿತ್ತು, ಹಾನಿಯಾಗಲಿಲ್ಲ. ಗ್ಯಾಲರಿಯವರು ಆ ಕಾಗದವನ್ನು ಕಿತ್ತು ತೆಗೆದರು.