ಗಂಡು ಚಿಟ್ಟೆಗಳು ವಾಪಸ್ ಬಂದದ್ದು ಹೇಗೆ?

ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲಿ 2001ರಲ್ಲಿ ಹೈಪೋಲಿಮ್ನಾಸ್ ಬೊಲಿನಾ ಅನ್ನೋ ಚಿಟ್ಟೆ ಹಿಡಿದರೆ ನೂರಕ್ಕೆ ಒಂದು ಗಂಡು ಸಿಕ್ಕರೆ ಹೆಚ್ಚು. ಇದೇ ಚಿಟ್ಟೆ ನಮ್ಮ ಕರ್ನಾಟಕದಲ್ಲೂ ಹಾರಾಡುತ್ತೆ. ಗಂಡುಗಳನ್ನು ಮೊಟ್ಟೆಯಲ್ಲೇ ಕೊಲ್ಲುತ್ತಿದ್ದದ್ದು ವೋಲ್ಬಾಕಿಯಾ, ಅಂದರೆ ಕೀಟದ ಜೀವಕೋಶದೊಳಗೇ ಬದುಕುವ ಬ್ಯಾಕ್ಟೀರಿಯಾ. ಅದು ಮರಿಗಳಿಗೆ ಹೋಗುವುದು ತಾಯಿಯ ಮೊಟ್ಟೆಯ ಮೂಲಕ, ಹಾಗಾಗಿ ಗಂಡು ಅದಕ್ಕೆ ದಂಡ. ಆದರೆ ಐದಾರು ವರ್ಷದಲ್ಲೇ ಅಲ್ಲಿ ಗಂಡುಗಳು ನೂರಕ್ಕೆ ಸುಮಾರು 40 ಆದವು. ಬ್ಯಾಕ್ಟೀರಿಯಾ ಹೊರಟುಹೋಯಿತಾ? ಕಣ್ಣಿಂದ ನೋಡಿ ಹೇಳೋಕಾಗಲ್ಲ, ಡಿಎನ್‌ಎ ಪರೀಕ್ಷೆಯೇ ಆಗಬೇಕು.

ಹಿಡಿದ ಕೀಟವನ್ನು ಕೂಡಲೇ ಆಲ್ಕೋಹಾಲಿಗೆ ಹಾಕಬೇಕು, ತಡವಾದರೆ ಡಿಎನ್‌ಎ ಹಾಳಾಗುತ್ತೆ. ಹೊಟ್ಟೆಯ ಭಾಗವನ್ನು ಮಾತ್ರ ಕತ್ತರಿಸಿ (ಅಂಡಾಶಯ ಇರುವುದು ಅಲ್ಲೇ, ವೋಲ್ಬಾಕಿಯಾ ಜಾಸ್ತಿ ಸಿಗುವುದೂ ಅಲ್ಲೇ), ಬೆರಳುದ್ದವೂ ಇಲ್ಲದ ಟ್ಯೂಬಿನಲ್ಲಿ ಪುಟ್ಟ ಪ್ಲಾಸ್ಟಿಕ್ ಕಡ್ಡಿಯಿಂದ ಚಟ್ನಿಯ ಹಾಗೆ ನುಣ್ಣಗೆ ಅರೆಯುತ್ತಾರೆ. ಅದರಿಂದ ತೆಗೆದ ಡಿಎನ್‌ಎಯನ್ನು ಪಿಸಿಆರ್ ಯಂತ್ರದಲ್ಲಿ, ಅಂದರೆ ಡಿಎನ್‌ಎ ತುಣುಕನ್ನು ನಕಲು ಮಾಡುತ್ತಾ ಹೋಗುವ ಯಂತ್ರದಲ್ಲಿಡುತ್ತಾರೆ. ಪ್ರತಿ ಸುತ್ತಿಗೂ ಬೇಕಾದ ತುಣುಕು (ಇಲ್ಲಿ ವೋಲ್ಬಾಕಿಯಾದ್ದು) ಎರಡರಷ್ಟಾಗುತ್ತೆ, 30 ಸುತ್ತಿಗೆ ಲೆಕ್ಕದ ಪ್ರಕಾರ ಒಂದು ತುಣುಕು ನೂರು ಕೋಟಿ ದಾಟುತ್ತೆ. ಕೊನೆಗೆ ಅದನ್ನು ಜೆಲ್‌ನಲ್ಲಿ (ಜೆಲ್ಲಿಯಂಥ ಮೆತ್ತನೆಯ ಹಾಳೆ) ವಿದ್ಯುತ್ ಹಾಯಿಸಿ ಓಡಿಸಿ ದೀಪದಡಿ ನೋಡಿದರೆ ಹೊಳೆಯುವ ಸಣ್ಣ ಗೆರೆ ಕಾಣುತ್ತೆ.

ಗೆರೆ ಕಾಣಲಿಲ್ಲ ಅಂದರೆ ಬ್ಯಾಕ್ಟೀರಿಯಾ ಇಲ್ಲ ಅಂತ ಬರೆದುಬಿಡಬಹುದಾ? ಖಂಡಿತ ಬೇಡ. ಡಿಎನ್‌ಎ ಸರಿಯಾಗಿ ಬಂದೇ ಇಲ್ಲದಿರಬಹುದಲ್ವಾ? ಅದಕ್ಕೇ ಕೀಟದ್ದೇ ಆದ ಒಂದು ಜೀನನ್ನೂ ಜೊತೆಗೇ ಪರೀಕ್ಷಿಸುತ್ತಾರೆ. ಕೀಟದ ಗೆರೆ ಬಂದು ವೋಲ್ಬಾಕಿಯಾ ಗೆರೆ ಬರದಿದ್ದರೆ ಮಾತ್ರ 'ಇಲ್ಲ' ಅನ್ನುವ ಮಾತಿಗೆ ಬಲ. ಕೀಟದ ಗೆರೆಯೇ ಬರದಿದ್ದರೆ ಮತ್ತೆ ಮೊದಲಿಂದ ಶುರು. ಬರೀ ನೀರು ಹಾಕಿದ ಟ್ಯೂಬೂ ಒಂದಿರಬೇಕು, ಅದರಲ್ಲಿ ಗೆರೆ ಬಂದರೆ ಎಲ್ಲೋ ಕಲಬೆರಕೆ ಆಗಿದೆ. ಕೀಟದ ಗೆರೆಯನ್ನೂ ನೋಡುವ ಈ ಶಿಸ್ತು ನನಗೆ ಇಡೀ ಪರೀಕ್ಷೆಯಲ್ಲೇ ತುಂಬಾ ಇಷ್ಟವಾದ ಭಾಗ. ಗೆರೆ ಬಂದರೂ ಎಚ್ಚರ ಬೇಕು: ಜೇಡ ತಿಂದ ನೊಣದಲ್ಲಿ ವೋಲ್ಬಾಕಿಯಾ ಇದ್ದರೆ ಜೇಡದ ಹೊಟ್ಟೆಯಲ್ಲೂ ಅದರ ಡಿಎನ್‌ಎ ಸಿಗಬಹುದು.

ಸಮೋವಾದ ಗಂಡು ಚಿಟ್ಟೆಗಳಲ್ಲಿ ವೋಲ್ಬಾಕಿಯಾ ಹಾಗೇ ಇತ್ತು. ಬದಲಾಗಿದ್ದು ಚಿಟ್ಟೆ: ಬ್ಯಾಕ್ಟೀರಿಯಾದ ಆಟವನ್ನು ತಡೆಯುವ ಜೀನು ಹತ್ತೇ ತಲೆಮಾರಿನ ಆಸುಪಾಸಿನಲ್ಲಿ ಅಲ್ಲೆಲ್ಲಾ ಹರಡಿಬಿಟ್ಟಿತ್ತು.